ಐದು ಗೆರೆ, ಹತ್ತು ಅಂಕ

ಮ್ಯಾನೇಜ್‌ಮೆಂಟ್ ಇನ್ಫರ್ಮೇಶನ್ ಸಿಸ್ಟಮ್ಸ್, ಚಿಕ್ಕದಾಗಿ ಎಂಐಎಸ್, ಎಂಬ ಪತ್ರಿಕೆಯಲ್ಲಿ ಪಾಸಾಗಲು ಕಂಪ್ಯೂಟರ್ ಬೇಕಾಗಿಲ್ಲ, ಸ್ಕೇಲು ಸಾಕು. ಸ್ಕೇಲಿಟ್ಟು ಒಂದು ತ್ರಿಕೋನ ಎಳೆಯಬೇಕು. ಅದರ ಹೊಟ್ಟೆಗೆ ಅಡ್ಡಲಾಗಿ ಎರಡು ಗೆರೆ. ಅಡಿಯಲ್ಲಿ ಆಪರೇಶನಲ್ (ದಿನನಿತ್ಯದ ಕೆಲಸ), ನಡುವೆ ಟ್ಯಾಕ್ಟಿಕಲ್ (ನಡುಹಂತದ ಉಸ್ತುವಾರಿ), ತುದಿಯಲ್ಲಿ ಸ್ಟ್ರಾಟೆಜಿಕ್ (ದೂರದ ಯೋಜನೆ) ಎಂದು ಬರೆದು, ಪಕ್ಕದಲ್ಲಿ ಮೇಲಕ್ಕೆ ಹೋಗುವ ಬಾಣವೊಂದನ್ನು ಹಾಕಿದರೆ ಹತ್ತು ಅಂಕ. ಬಾಣ ಮರೆತವರಿಗೆ ಎಂಟು. ಬಾಣದ ಮೇಲೆ ಏನು ಹೋಗುತ್ತದೆ ಎಂದು ಕೇಳುವ ವಿದ್ಯಾರ್ಥಿ ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ, ಹುಟ್ಟಿದ್ದರೆ ಅಟೆಂಡೆನ್ಸ್ ಶಾರ್ಟೇಜ್ ಆಗಿ ಮನೆಯಲ್ಲಿರಬೇಕು.

ಈ ತ್ರಿಕೋನದ ಮೂಲಪುರುಷ ಹಾರ್ವರ್ಡಿನ ರಾಬರ್ಟ್ ಆಂಥೋನಿ. ಸಂಸ್ಥೆಯೊಳಗಿನ ಯೋಜನೆ, ನಿಯಂತ್ರಣದ ಕೆಲಸಗಳನ್ನು ಆತ 1965ರಲ್ಲಿ ಮೂರು ಹಂತವಾಗಿ ಬಿಡಿಸಿ ತೋರಿಸಿದ. 1971ರಲ್ಲಿ ಎಂಐಟಿಯ ಗೋರಿ ಮತ್ತು ಸ್ಕಾಟ್ ಮಾರ್ಟನ್ ಎಂಬಿಬ್ಬರು ಅದಕ್ಕೆ ಒಂದು ಪ್ರಶ್ನೆ ಜೋಡಿಸಿದರು: ಈ ನಿರ್ಧಾರ ಲೆಕ್ಕ ಹಾಕಿ ಮುಗಿಸುವಂಥದ್ದೋ, ಅನುಭವದ ಮೇಲೆ ಬಿಡುವಂಥದ್ದೋ? ಯಾರು ಏನನ್ನು ನಿರ್ಧರಿಸಬೇಕು, ಅದಕ್ಕೆ ಅವರಿಗೆ ಯಾವ ಮಾಹಿತಿ ಬೇಕು ಎಂಬುದೇ ವಿಷಯದ ಜೀವ. ನಮ್ಮಲ್ಲಿಗೆ ಬರುವಾಗ ಪ್ರಶ್ನೆ ಘಟ್ಟದಲ್ಲೆಲ್ಲೋ ಇಳಿದುಹೋಯಿತು, ತ್ರಿಕೋನ ಮಾತ್ರ ಬಸ್‌ಸ್ಟ್ಯಾಂಡ್ ಮುಟ್ಟಿತು.

ಮುಟ್ಟಿದ ಮೇಲೆ ಅಲ್ಲಾಡಿಲ್ಲ. ರಾಜ್ಯದಲ್ಲಿ 2021-22ಕ್ಕೆ ನಾಲ್ಕು ವರ್ಷದ ಪದವಿ ಬಂತು, 2024-25ಕ್ಕೆ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಪತ್ರಿಕೆಗಳ ಹೆಸರು, ಕೋಡು, ಕ್ರೆಡಿಟ್ಟು ಎಲ್ಲ ಅದಲುಬದಲಾದವು. ತ್ರಿಕೋನಕ್ಕೆ ಯಾವ ಸರ್ಕಾರವೂ ಕೈಹಚ್ಚಲಿಲ್ಲ. ಗೈಡಿನ ಹೊಸ ಆವೃತ್ತಿಯಲ್ಲಿ ಮಾತ್ರ ಬಾಣ ಸ್ವಲ್ಪ ದಪ್ಪವಾಗಿದೆ.

ಕಾಲೇಜಿನ ಹೆಸರು ಬೇಡ. ಕಾರವಾರದಲ್ಲೂ ಇರಬಹುದು, ಕುಮಟೆಯಲ್ಲೂ ಇರಬಹುದು, ಶಿರಸಿಯವರು ಓದಿದರೆ ತಮ್ಮದೇ ಎಂದುಕೊಳ್ಳಬಹುದು. ಅಲ್ಲೊಂದು ಕಂಪ್ಯೂಟರ್ ಲ್ಯಾಬ್ ಇದೆ. ಬೀಗ ಇದೆ. ಬೀಗದ ಕೈ ಹಿಡಿದವರು ಎಲೆಕ್ಷನ್ ಡ್ಯೂಟಿಯಲ್ಲಿರುತ್ತಾರೆ, ಎಲೆಕ್ಷನ್ ಇಲ್ಲದಿದ್ದರೆ ತರಬೇತಿಯಲ್ಲಿರುತ್ತಾರೆ. ಮಳೆಗಾಲದಲ್ಲಿ ಕರೆಂಟು ಇರುವುದಿಲ್ಲ, ಬೇಸಿಗೆಯಲ್ಲಿ ಯುಪಿಎಸ್ ಬ್ಯಾಟರಿ ಇರುವುದಿಲ್ಲ. ಎಲ್ಲ ಕೂಡಿಬಂದು ಬಾಗಿಲು ತೆರೆಯುವುದು ಆಯುಧಪೂಜೆಯ ದಿನ. ಅಂದು ಮಾನಿಟರಿಗೆ ಕುಂಕುಮ, ಕೀಬೋರ್ಡಿಗೆ ಗೊಂಡೆ ಹೂವು. ಆದ್ದರಿಂದ ಪ್ರಾಕ್ಟಿಕಲ್ ಎಂಬುದು ರೆಕಾರ್ಡ್ ಪುಸ್ತಕದಲ್ಲಿ ನಡೆಯುತ್ತದೆ. ಬಲಗಡೆಯ ಗೆರೆ ಹಾಳೆಯಲ್ಲಿ ಕಮಾಂಡು, ಎಡಗಡೆಯ ಬಿಳಿ ಹಾಳೆಯಲ್ಲಿ ಪೆನ್ಸಿಲಿನಿಂದ ಬಿಡಿಸಿದ ಕಂಪ್ಯೂಟರ್ ಪರದೆ. ಮೂಲೆಯ ಗುಣಿಸು ಚಿಹ್ನೆಯನ್ನೂ ಬಿಡದೆ ಬರೆದ ಹುಡುಗಿಯೊಬ್ಬಳ ಪುಸ್ತಕವನ್ನು ನಾನೇ ನೋಡಿದ್ದೇನೆ. ಅಂಥ ಚಿತ್ರಕಲೆಯನ್ನು ಕಾಮರ್ಸ್ ವಿಭಾಗದಲ್ಲಿ ವ್ಯರ್ಥ ಮಾಡುತ್ತಿದ್ದೇವೆ.

ಇನ್ನು ಆಫೀಸು. ದತ್ತಾಂಶವನ್ನು ಒಂದು ಸಲ ತುಂಬಿ, ಬೇಕಾದ ಕಡೆಯೆಲ್ಲ ಬಳಸಬೇಕೆಂದು ಎರಡನೇ ಯೂನಿಟ್ ಹೇಳುತ್ತದೆ. ಪ್ರವೇಶದ ದಿನ ಹುಡುಗ ತನ್ನ ಹೆಸರು, ಅಪ್ಪನ ಹೆಸರು, ಜಾತಿ, ಆದಾಯ, ಆಧಾರ್ ಎಲ್ಲವನ್ನೂ ಪೋರ್ಟಲಿನಲ್ಲಿ ತುಂಬುತ್ತಾನೆ. ತುಂಬಿದ್ದನ್ನು ಪ್ರಿಂಟ್ ತೆಗೆಯುತ್ತಾನೆ. ಪ್ರಿಂಟಿನಲ್ಲಿದ್ದದ್ದನ್ನು ಕಾಲೇಜಿನ ಅರ್ಜಿಯಲ್ಲಿ ಕೈಯಾರೆ ಬರೆಯುತ್ತಾನೆ. ಅರ್ಜಿಯಲ್ಲಿದ್ದದ್ದನ್ನು ಗುಮಾಸ್ತರು ರಿಜಿಸ್ಟರಿಗೆ ಇಳಿಸುತ್ತಾರೆ. ರಿಜಿಸ್ಟರಿನಲ್ಲಿದ್ದದ್ದನ್ನು ಅತಿಥಿ ಉಪನ್ಯಾಸಕರು ರಾತ್ರಿ ಕೂತು ಎಕ್ಸೆಲ್ಲಿಗೆ ಏರಿಸುತ್ತಾರೆ. ಆ ಎಕ್ಸೆಲ್ಲಿನ ಪರದೆಯನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ಪ್ರಿನ್ಸಿಪಾಲರ ವಾಟ್ಸಾಪಿಗೆ ಹಾಕುತ್ತಾರೆ. ಪ್ರಿನ್ಸಿಪಾಲರು ಹೆಬ್ಬೆರಳು ತೋರಿಸುತ್ತಾರೆ. ಬಾಣದ ಮೇಲೆ ಹೋಗುವುದು ಬಹುಶಃ ಅದೇ ಹೆಬ್ಬೆರಳು.

ಇಷ್ಟು ಕೈ ದಾಟುವಾಗ ಹೆಸರಿಗೆ ಏನಾದರೂ ಆಗದಿದ್ದರೆ ಅದೇ ಆಶ್ಚರ್ಯ. ಅಂಕೋಲೆಯ ಕಡೆಯ ಗಾಂವಕರ ಮನೆತನದ ಹುಡುಗಿ ಎಂದಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಗಾಂವಕರ, ಆಧಾರದಲ್ಲಿ ಗಾಂವ್ಕರ್, ಪೋರ್ಟಲಿನಲ್ಲಿ ಗವಂಕರ. ಐಬಿಎಮ್ಮಿನ ಎಡ್ಗರ್ ಕಾಡ್ 1970ರಲ್ಲಿ ದತ್ತಾಂಶವನ್ನು ಟೇಬಲುಗಳಲ್ಲಿ ಜೋಡಿಸುವ ರಿಲೇಶನಲ್ ಮಾದರಿ ಕೊಟ್ಟದ್ದು, ಪ್ರೈಮರಿ ಕೀ ಎಂದರೆ ಒಂದು ಸಾಲನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸುವ ಅಂಶ ಎನ್ನುವುದು, ನಾರ್ಮಲೈಸೇಶನ್ ಎಂದರೆ ಒಂದು ಸಂಗತಿ ಒಂದೇ ಕಡೆ ಇರಬೇಕೆನ್ನುವ ಶಿಸ್ತು ಎನ್ನುವುದು, ಇವೆಲ್ಲ ಅವಳಿಗೆ ಬಾಯಿಪಾಠ. ಆ ಉತ್ತರಕ್ಕೆ ಪೂರ್ತಿ ಅಂಕವೂ ಬಂದಿದೆ. ಆದರೆ ಅಂಕ ಬಂದದ್ದು ಗವಂಕರಳಿಗೆ. ಹೀಗಾಗಿ ಆ ಶಿಸ್ತಿನ ಮೂರನೇ ಮೆಟ್ಟಿಲು, ಮೂರನೇ ನಾರ್ಮಲ್ ಫಾರ್ಮ್, ಬರೆದ ಹುಡುಗಿ ನೋಟರಿಯ ಮುಂದೆ ನಿಂತು, ಮೇಲ್ಕಾಣಿಸಿದ ಮೂವರೂ ನಾನೊಬ್ಬಳೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡುತ್ತಾಳೆ.

ಅದನ್ನು ತಂದರೆ ಒಂದನೇ ಟೇಬಲಿನವರು, “ತಂಗಿ, ಇದು ನಮ್ಮಲ್ಲಿ ಬರೂದಿಲ್ಲ, ಯುನಿವರ್ಸಿಟಿಯವರೇ ತಿದ್ದಬೇಕು” ಎನ್ನುತ್ತಾರೆ. ಅರಬೈಲ್ ಘಟ್ಟ ಹತ್ತಿ ಅಲ್ಲಿಗೆ ಹೋದರೆ ಅಲ್ಲಿಯ ಟೇಬಲಿನವರು, “ಕಾಲೇಜ್ ಲಾಗಿನ್‌ನಿಂದ ರಿಕ್ವೆಸ್ಟ್ ಬರಬೇಕ್ರಿ” ಎನ್ನುತ್ತಾರೆ. ಎರಡು ಟೇಬಲುಗಳನ್ನು ಜೋಡಿಸುವುದು ಫಾರಿನ್ ಕೀ ಎಂದು ಗೈಡು ಹೇಳುತ್ತದೆ. ನಮ್ಮ ವ್ಯವಸ್ಥೆಯಲ್ಲಿ ಫಾರಿನ್ ಕೀ ಎಂದರೆ ಆ ಹುಡುಗಿಯೇ. ಬಸ್ ಚಾರ್ಜು ಅವಳದ್ದೇ.

ಮಾಹಿತಿಯ ಲಕ್ಷಣಗಳಲ್ಲಿ ಸಕಾಲಿಕತೆ ಎಂಬುದೂ ಒಂದು, ಎರಡು ಅಂಕದ ಪ್ರಶ್ನೆ. ನಾಲ್ಕನೇ ಸೆಮಿಸ್ಟರಿನ ಪರೀಕ್ಷೆ ಬರೆದು ಹೊರಬಂದವನಿಗೆ ಮೂರನೇ ಸೆಮಿಸ್ಟರಿನಲ್ಲಿ ತಾನು ಫೇಲಾದದ್ದು ಗೊತ್ತಾಗುತ್ತದೆ, ಫೇಲಾದ ವಿಷಯ ಎಂಐಎಸ್. ಕಾರವಾರದ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಅಕ್ಕಂದಿರು ನಮ್ಮ ವಿಶ್ವವಿದ್ಯಾಲಯದ ಫಲಿತಾಂಶವನ್ನು ಬುಟ್ಟಿಯಲ್ಲಿಟ್ಟುಕೊಂಡು ಕೂತಿದ್ದರೆ ಗಿರಾಕಿ ಮೂಗು ಮುಚ್ಚಿಕೊಂಡು ಓಡುತ್ತಿದ್ದ.

ಆ ಅಕ್ಕಂದಿರ ತಲೆಯೊಳಗೆ ಏನಿದೆ ಎಂದು ಯಾವ ಸಿಲಬಸ್ ಕಮಿಟಿಯೂ ಇಣುಕಿ ನೋಡಿಲ್ಲ. ಬೈತಖೋಲ ಬಂದರಿನಲ್ಲಿ ಇವತ್ತು ಎಷ್ಟು ಬೋಟು ಬಂತು, ಬಾಂಗಡೆ ಎಷ್ಟು ಬಿತ್ತು, ಮಧ್ಯಾಹ್ನದ ಮೇಲೆ ದರ ಇಳಿಸುವುದೋ ಐಸ್ ಹಾಕಿ ನಾಳೆಗೆ ಇಡುವುದೋ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಇಳಿಯದೇ ಇರುವಾಗ ಒಣಮೀನು ಎಷ್ಟು ಬೇಕಾದೀತು, ಯಾವ ಮನೆಯವರ ಉದ್ರಿ ಎಷ್ಟಾಯಿತು, ಎಲ್ಲ ಅಲ್ಲೇ ಇದೆ. ಪರಿಸ್ಥಿತಿ ಅರಿಯುವುದು, ದಾರಿಗಳನ್ನು ಹುಡುಕುವುದು, ಒಂದನ್ನು ಆರಿಸುವುದು ಎಂದು ಹರ್ಬರ್ಟ್ ಸೈಮನ್ 1960ರಲ್ಲಿ ನಿರ್ಧಾರಕ್ಕೆ ಮೂರು ಹಂತ ಹೇಳಿದ. ಆತನಿಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅಕ್ಕಂದಿರಿಗೆ ಮಾರ್ಕೆಟ್ಟಿನಲ್ಲಿ ಕೂರುವ ಜಾಗದ ತಕರಾರು ಬಂತು.

ಘಟ್ಟದ ಮೇಲೆ ಹೋಗೋಣ. ಶಿರಸಿಯ ಕಡೆ ಸೆಮಿಸ್ಟರ್ ರಜೆಯಲ್ಲಿ ಮಗ ಜಗುಲಿಯ ಮೇಲೆ ಕೂತು ತ್ರಿಕೋನ ಬಾಯಿಪಾಠ ಮಾಡುತ್ತಿದ್ದ. ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಅಪ್ಪ ಕೇಳಿದರು: “ಅಪ್ಪೀ, ಇದು ಎಂತಕ್ಕೆ ಬತ್ತು?”

“ಪರೀಕ್ಷೆಗೆ ಬತ್ತು.”

ಅಪ್ಪ ಮುಂದೆ ಕೇಳಲಿಲ್ಲ. ಅವರ ಮುಂದೆ ಆ ಹೊತ್ತಿಗೆ ಇದ್ದದ್ದು ಗೋರಿ, ಸ್ಕಾಟ್ ಮಾರ್ಟನ್ ಇಬ್ಬರೂ ಬೆವರುವಂಥ ನಿರ್ಧಾರ. ಮರದಲ್ಲಿ ಉಳಿದ ಅಡಿಕೆ ಕೊನೆಗಳನ್ನು ಹಸಿಯಿರುವಾಗಲೇ ಇಳಿಸಿ, ಸುಲಿದು, ಬೇಯಿಸಿ ಕೆಂಪಡಿಕೆ ಮಾಡುವುದೋ, ಹಣ್ಣಾಗಲು ಬಿಟ್ಟು ಒಣಗಿಸಿ ಚಾಲಿ ಮಾಡುವುದೋ? ಕೆಂಪಿಗೆ ಸುಲಿಯುವ ಆಳು ಬೇಕು, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಹೇಳಿದ ದಿನ ಸಿಗಬೇಕು. ಚಾಲಿಗೆ ಬಿಸಿಲು ಬೇಕು, ಕಾಯುವ ಧೈರ್ಯ ಬೇಕು, ಅಷ್ಟರವರೆಗೆ ಸಾಲದ ಕಂತು ಕಾಯಬೇಕು. ಎರಡರ ದರದ ನಡುವಿನ ಅಂತರ ತಿಂಗಳಿಂದ ತಿಂಗಳಿಗೆ ಬೇರೆ. ಮಳೆ ಯಾರ ಮಾತೂ ಕೇಳುವುದಿಲ್ಲ. ಇದನ್ನೇ ಗೈಡಿನಲ್ಲಿ ಅನ್‌ಸ್ಟ್ರಕ್ಚರ್ಡ್ ಡಿಸಿಶನ್ ಎನ್ನುತ್ತಾರೆ. ಉದಾಹರಣೆ ಕೊಡಿ ಎಂಬ ಪ್ರಶ್ನೆಗೆ ಮಗ ಬರೆಯುವುದು, ಅಮೆರಿಕದ ಕಾರು ಕಂಪನಿ ಹೊಸ ದೇಶದಲ್ಲಿ ಕಾರ್ಖಾನೆ ತೆರೆಯುವುದು.

ಅಡಿಕೆ ಚೀಲ ಸೊಸೈಟಿಯ ಅಂಗಳ ಮುಟ್ಟಿದ ಮೇಲೆ ಏನಾಗುತ್ತದೆ ಎಂಬುದನ್ನೂ ಅವನು ಚಿಕ್ಕಂದಿನಿಂದ ನೋಡಿದ್ದಾನೆ, ಓದಿಲ್ಲ ಅಷ್ಟೇ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು, ಕೋಕಾ ಎಂದು ದರ್ಜೆವಾರು ಮಾಲು ಬೇರೆಬೇರೆ ಗುಡ್ಡೆ ಬೀಳುತ್ತದೆ. ಪ್ರತಿ ಗುಡ್ಡೆಗೂ ಲಾಟ್ ನಂಬರು. ವ್ಯಾಪಾರಿಗಳು ಬಂದು ಕೈಯಾಡಿಸಿ, ಒಂದೆರಡು ಕತ್ತರಿಸಿ ನೋಡಿ, ತಂತಮ್ಮ ದರ ಬರೆದು ಟೆಂಡರ್ ಹಾಕುತ್ತಾರೆ. ಹೆಚ್ಚು ಬರೆದವರ ಹೆಸರಿಗೆ ಲಾಟು. ತೂಕ, ದರ, ಕಮಿಷನ್, ಹಮಾಲಿ, ಸಾಲದ ಕಡಿತ ಎಲ್ಲ ಸೇರಿ ಪಟ್ಟಿ ಕೈಗೆ ಬರುತ್ತದೆ. ಅದೇ ಲೆಕ್ಕ ಮೇಲೆ ಹೋದಾಗ ಆ ದಿನದ ಆವಕ, ಕನಿಷ್ಠ ದರ, ಗರಿಷ್ಠ ದರ, ಹೆಚ್ಚು ಮಾಲು ಹೋದ ದರ ಎಂದಾಗಿ ಪೇಪರಿನಲ್ಲಿ ಬರುತ್ತದೆ. ಅದನ್ನು ಓದಿ ಹೆಗಡೆಯವರೊಬ್ಬರು ಚಾಲಿ ಇನ್ನೆರಡು ತಿಂಗಳು ಅಟ್ಟದಲ್ಲಿರಲಿ ಎನ್ನುತ್ತಾರೆ. ಲಾಟ್ ನಂಬರೇ ಪ್ರೈಮರಿ ಕೀ, ಪಟ್ಟಿಯೇ ಟ್ರಾನ್ಸಾಕ್ಷನ್, ಪೇಪರಿನ ದರವೇ ರಿಪೋರ್ಟು, ಅಟ್ಟವೇ ಸ್ಟ್ರಾಟೆಜಿ. ಶಿರಸಿಯ ತೋಟಿಗರ ಸಹಕಾರಿ ಮಾರಾಟ ಸಂಘ ಹುಟ್ಟಿದ್ದು 1923ರಲ್ಲಿ. ಆಂಥೋನಿಯ ತ್ರಿಕೋನಕ್ಕಿಂತ ಅದು 42 ವರ್ಷ ಹಿರಿಯದು.

ಕಾಲೇಜಿನವರು ಇದನ್ನು ತೋರಿಸಲು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆಯೇ? ಇಂಡಸ್ಟ್ರಿಯಲ್ ವಿಸಿಟ್ ಎಂದರೆ ಗೋವಾ. ಅಡಿಕೆ ಅಂಗಳದ ಮುಂದಿನಿಂದಲೇ ಬಸ್ಸು ಹೋಗುತ್ತದೆ, ಒಳಗೆ ಹಾಡು ಜೋರಾಗಿರುವುದರಿಂದ ಯಾರೂ ಹೊರಗೆ ನೋಡುವುದಿಲ್ಲ. ಯಾವುದೋ ಕಾರ್ಖಾನೆಯ ಗೇಟಿನ ಮುಂದೆ ಬ್ಯಾನರ್ ಹಿಡಿದು ಫೋಟೊ, ಆಮೇಲೆ ಬೀಚು. ಕಾರವಾರದ ಕಾಲೇಜಿನ ಮಕ್ಕಳೂ ಮನೆ ಹಿಂದಿನ ಸಮುದ್ರವನ್ನು ಬಿಟ್ಟು ಅಲ್ಲಿಗೇ ಹೋಗುತ್ತಾರೆ. ಸಮುದ್ರವೂ ಪರರಾಜ್ಯದ್ದಾದರೆ ಅದಕ್ಕೆ ರಿಪೋರ್ಟು ಬರೆಯಬಹುದು.

ರಿಪೋರ್ಟು ಎಂದಾಗ ಅಮೆರಿಕದ ಮ್ಯಾನೇಜ್‌ಮೆಂಟ್ ಚಿಂತಕ ರಸೆಲ್ ಅಕಾಫ್ ನೆನಪಾಗಬೇಕು. ಎಂಐಎಸ್ ಇನ್ನೂ ಕಣ್ಣು ಬಿಡುತ್ತಿದ್ದ ಕಾಲಕ್ಕೇ, 1967ರಲ್ಲಿ, ಆತ ಅದಕ್ಕೆ ಮಿಸ್‌ಇನ್ಫರ್ಮೇಶನ್ ಸಿಸ್ಟಮ್ಸ್ ಎಂದು ಹೆಸರಿಟ್ಟು ಲೇಖನ ಬರೆದ. ಮ್ಯಾನೇಜರುಗಳಿಗೆ ಕೊರತೆ ಇರುವುದು ಬೇಕಾದ ಮಾಹಿತಿಯದ್ದಲ್ಲ, ಅವರು ಒದ್ದಾಡುತ್ತಿರುವುದು ಬೇಡದ ಮಾಹಿತಿಯ ರಾಶಿಯಲ್ಲಿ ಎಂದ. ತಾನು ಬಳಸುವ ವ್ಯವಸ್ಥೆ ಹೇಗೆ ನಡೆಯುತ್ತದೆಂದು ಮ್ಯಾನೇಜರಿಗೆ ತಿಳಿಯಬೇಕಾಗಿಲ್ಲ ಎಂಬುದೂ ತಪ್ಪು ನಂಬಿಕೆ ಎಂದ. ನಾನು ನೋಡಿದ ಗೈಡುಗಳಲ್ಲಿ ಅಕಾಫ್ ಇಲ್ಲ. ಇದ್ದಿದ್ದರೆ ಪ್ರಿನ್ಸಿಪಾಲರಿಗೆ ಓದಿ ಹೇಳಬಹುದಿತ್ತು. ಅವರ ಮೊಬೈಲಿನಲ್ಲಿ ಇಲಾಖೆಯ ಗ್ರೂಪು, ಜಂಟಿ ನಿರ್ದೇಶಕರ ಗ್ರೂಪು, ಪರೀಕ್ಷೆಯ ಗ್ರೂಪು, ಸ್ಕಾಲರ್‌ಶಿಪ್ಪಿನ ಗ್ರೂಪು ಎಲ್ಲ ಒಟ್ಟಿಗೆ ಕೂಗುತ್ತಿರುತ್ತವೆ. ಎಲ್ಲದಕ್ಕೂ “ಅತಿ ತುರ್ತು, ಇಂದು ಸಂಜೆ 4ರೊಳಗೆ”. ಕೇಳುವುದು ಹಿಂದಿನ ವಾರ ಕಳಿಸಿದ್ದನ್ನೇ, ಕಾಲಂ ಮಾತ್ರ ಅದಲುಬದಲು. ಲ್ಯಾಬಿನ ಬ್ಯಾಟರಿ ಸತ್ತಿದೆ ಎಂಬ ಒಂದೇ ಒಂದು ಉಪಯುಕ್ತ ಮಾಹಿತಿ ಕೆಳಗಿನಿಂದ ಹೊರಟದ್ದು ಇನ್ನೂ ಬಾಣದ ನಡುವೆ ಎಲ್ಲೋ ಇದೆ.

ಫೀಡ್‌ಬ್ಯಾಕ್ ಇಲ್ಲದೆ ಯಾವ ಸಿಸ್ಟಮ್ಮೂ ಪೂರ್ಣವಲ್ಲವಂತೆ. ಅದೂ ನಡೆಯುತ್ತದೆ. ಉಪನ್ಯಾಸಕರ ಬಗ್ಗೆ ಗೂಗಲ್ ಫಾರ್ಮ್ ಬರುತ್ತದೆ. ಇಡೀ ಕ್ಲಾಸಿನ ಪರವಾಗಿ, ನೆಟ್‌ವರ್ಕ್ ಸಿಗುವ ಗುಡ್ಡದ ಬದಿಯ ಹುಡುಗನೊಬ್ಬ ಕೂತು ತುಂಬುತ್ತಾನೆ. ಎಲ್ಲರೂ ಅತ್ಯುತ್ತಮ. ವರ್ಗವಾಗಿ ಹೋದವರೂ ಅತ್ಯುತ್ತಮ.

ಅಡಿಕೆ ಅಂಗಳದಲ್ಲಿ ತಲೆ ಹಣ್ಣಾದ ಗುಮಾಸ್ತರೊಬ್ಬರನ್ನು ಎಂಐಎಸ್ ಕ್ಲಾಸಿಗೆ ಒಂದು ತಾಸು ಕರೆಸಿ ಎಂದು ನಾನೇ ಸಲಹೆ ಕೊಟ್ಟಿದ್ದೆ. ಕಾಲೇಜಿನವರು ಸಂತೋಷದಿಂದ ಒಪ್ಪಿದರು. ಗುಮಾಸ್ತರ ಬಯೋಡೇಟಾ, ವಿದ್ಯಾರ್ಹತೆಯ ದೃಢೀಕೃತ ಪ್ರತಿ, ಪ್ಯಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ರದ್ದುಮಾಡಿದ ಚೆಕ್ಕು ಇಷ್ಟನ್ನು ಎರಡೆರಡು ಪ್ರತಿಯಲ್ಲಿ ಕೇಳಿದರು. ಪಿಎಚ್‌ಡಿ ಆಗಿದೆಯೇ ಎಂಬ ಕಾಲಂ ಕಡ್ಡಾಯವಾಗಿತ್ತು, ಇಲ್ಲ ಎಂದರೆ ಫಾರ್ಮು ಮುಂದೆ ಹೋಗುತ್ತಿರಲಿಲ್ಲ. “ಆ ದಿನ ಟೆಂಡರ್ ಇದ್ದು, ನಂಗೆ ಬಪ್ಪಲೆ ಆಗ್ತಿಲ್ಲೆ” ಎಂದು ಗುಮಾಸ್ತರು ಕೈಮುಗಿದರು.

ಆದರೂ ಕಾರ್ಯಕ್ರಮದ ವರದಿ ಹೋಗಿಯೇ ಬಿಟ್ಟಿತ್ತು, ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್‌ನ ಫೈಲಿಗೆ ಬೇಕಲ್ಲ. ಸ್ಥಳೀಯ ಜ್ಞಾನ ಪರಂಪರೆ ಮತ್ತು ಮಾಹಿತಿ ವ್ಯವಸ್ಥೆ ಕುರಿತು ವಿಶೇಷ ಉಪನ್ಯಾಸ, ವಂದನಾರ್ಪಣೆಯೊಂದಿಗೆ ಮುಕ್ತಾಯ. ಜೊತೆಗಿನ ಫೋಟೊದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದು ನಿಂತವರು ಪ್ರೊಜೆಕ್ಟರ್ ರಿಪೇರಿಗೆ ಬಂದಿದ್ದ ಹುಡುಗ. ಜಿಯೋಟ್ಯಾಗ್ ಇದೆ. ಅಕ್ಷಾಂಶ, ರೇಖಾಂಶ ಎರಡೂ ನಿಖರ.