ಹುಡುಗರ ಕೈಗೆ ಏರ್‌ಗನ್ ಬಂದಾಗ ತಟ್ಟಬೇಕಾದ ಬಾಗಿಲು

ಕಳೆದ ಭಾನುವಾರ ಸಂಜೆ, ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿಗೆ ಹೊಂದಿಕೊಂಡ ಖಾಲಿ ಸೈಟಿನಲ್ಲಿ ಮೂವರು ಹುಡುಗರು ಮೋಟು ಗೋಡೆಯ ಮೇಲೆ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ಏರ್‌ಗನ್ನಿನಿಂದ ಗುರಿಯಿಟ್ಟು ಹೊಡೆಯುತ್ತಿದ್ದರು. ಇಬ್ಬರು ಹತ್ತನೆಯ ತರಗತಿಯವರು, ಒಬ್ಬ ಪಿಯುಸಿ ಓದುವವನು. ಗೋಡೆಯ ಆಚೆ ರಸ್ತೆಯಿದೆ. ಸೊಪ್ಪು ಮಾರುವ ಅಜ್ಜಿ ಸಂಜೆ ಬುಟ್ಟಿ ಇಳಿಸಿ ಕೂರುವುದು ಅಲ್ಲಿಯೇ. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಆ ಹುಡುಗರ ಮುಖ ಸ್ಪಷ್ಟವಾಗಿ ಕಾಣುವ ವಿಡಿಯೋ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿತ್ತು. ಮಹಡಿಯ ಮೇಲಿಂದ ಅದನ್ನು ಚಿತ್ರಿಸಿದವರು ಕೆಳಗಿಳಿದು ಬಂದು ಒಂದು ಮಾತನ್ನೂ ಆಡಿರಲಿಲ್ಲ.

ನಾನು ಅವರ ಗುರಿಗೆ ಅಡ್ಡವಾಗದಂತೆ ಪಕ್ಕದಿಂದ ಹೋಗಿ, ಮೊದಲು ಅದನ್ನು ಕೆಳಗಿಡಪ್ಪ, ಆಮೇಲೆ ಮಾತನಾಡೋಣ ಎಂದೆ. ಕೈಯಿಂದ ಕಿತ್ತುಕೊಳ್ಳಲು ಹೋಗಲಿಲ್ಲ. ಗುಂಡು ತುಂಬಿದ ಬಂದೂಕಿಗಾಗಿ ಎಳೆದಾಡುವಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ. ಹುಡುಗ ಅದನ್ನು ಮಣ್ಣಿನ ಮೇಲಿಟ್ಟು, ‘ಇದು ಆಟದ್ದು ಅಂಕಲ್, ಲೈಸೆನ್ಸ್ ಬೇಕಿಲ್ಲ’ ಎಂದ. ಗೋಡೆಯ ಬುಡದಲ್ಲಿ ಬಿದ್ದಿದ್ದ ಒಂದು ಗುಂಡನ್ನು ಹುಡುಕಿ ಅವನ ಅಂಗೈಯ ಮೇಲಿಟ್ಟೆ. ಸೀಸದ್ದು, ಮುಸುಕಿನ ಜೋಳದ ಕಾಳಿಗಿಂತ ಚಿಕ್ಕದು, ನಡು ಸಣ್ಣಗಿತ್ತು. ಇಟ್ಟಿಗೆಗೆ ಬಡಿದು ಅದರ ಮೂತಿ ಚಪ್ಪಟೆಯಾಗಿತ್ತು. ಅದು ಬಿದ್ದಿದ್ದದ್ದು ಗೋಡೆಗೂ ಅವರಿಗೂ ನಡುವೆ, ಅವರ ಕಡೆಗೇ ಸಿಡಿದು ಬಂದು. ಹುಡುಗ ಅದನ್ನು ಬಹಳ ಹೊತ್ತು ನೋಡಿದ.

ಲೈಸೆನ್ಸಿನ ವಿಷಯದಲ್ಲಿ ಅವನು ಹೇಳಿದ್ದು ಸುಳ್ಳಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳ ಅಳತೆ 4.5 ಮಿಲಿಮೀಟರ್ ಮೀರದ, ಶಕ್ತಿಯೂ ನಿಗದಿತ ಮಿತಿಯೊಳಗಿರುವ ಏರ್‌ಗನ್ನಿಗೆ ಪರವಾನಗಿ ಬೇಕಾಗಿಲ್ಲ. ಆದರೆ ಪರವಾನಗಿ ಬೇಡ ಎಂಬುದನ್ನೇ ನಮ್ಮ ಜನ ಅಪಾಯವಿಲ್ಲ ಎಂದು ಅರ್ಥ ಮಾಡಿಕೊಂಡಿದ್ದಾರೆ. ಜಾತ್ರೆಯಲ್ಲಿ ಬಲೂನು ಹೊಡೆದು ಬೆಳೆದ ನಮಗೆ ಅದು ಆಟಿಕೆಯಾಗಿಯೇ ಕಾಣುತ್ತದೆ. ಅಲ್ಲಿ ಬಲೂನುಗಳ ಹಿಂದೆ ಹಲಗೆಯಿರುತ್ತಿತ್ತು, ಪಕ್ಕದಲ್ಲಿ ಅಂಗಡಿಯವನು ನಿಂತಿರುತ್ತಿದ್ದ ಎಂಬುದು ಮರೆತುಹೋಗಿದೆ. ಸಾಧಾರಣ ಏರ್‌ಗನ್ನಿನ ಗುಂಡು ಕೂಡ ಸೆಕೆಂಡಿಗೆ 150 ಮೀಟರಿಗೂ ಹೆಚ್ಚಿನ ವೇಗದಲ್ಲಿ ಹೊರಡಬಲ್ಲದು. ಚರ್ಮವನ್ನು ಸೀಳಲು ಅಷ್ಟು ವೇಗ ಸಾಕು. ಕಣ್ಣನ್ನು ಸೀಳಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಹೋದ ಕಣ್ಣಿನ ಎದುರು ಹುಡುಗಾಟವೆಂಬ ಮಾತಿಗೆ ಬೆಲೆಯಿಲ್ಲ.

ಹಾಗೆಂದು ಗುಂಪಿನಲ್ಲಿ ಹಲವರು ಬರೆದಂತೆ, ‘ಒಳಗೆ ಹಾಕಿಸಿ, ಬುದ್ಧಿ ಬರುತ್ತದೆ’ ಎಂಬುದನ್ನು ನಾನು ಒಪ್ಪಲಾರೆ. ಹದಿನೆಂಟು ತುಂಬದವರನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ ಎಂದು 2015ರ ಬಾಲನ್ಯಾಯ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಪ್ರಕರಣವೊಂದರ ವಿಚಾರಣೆಯಲ್ಲಿರುವ ಮಗುವಿನ ಗುರುತನ್ನು ಬಹಿರಂಗಪಡಿಸುವುದು ಅದೇ ಕಾಯ್ದೆಯ 74ನೇ ಕಲಮಿನಡಿ ಅಪರಾಧ. ಪ್ರಕರಣವೇ ಇಲ್ಲದಿರುವಾಗ, ತಪ್ಪನ್ನು ತಿದ್ದುವ ಮೊದಲೇ ಹದಿನೈದರ ಹುಡುಗರ ಮುಖವನ್ನು ಇನ್ನೂರು ಮೊಬೈಲುಗಳಿಗೆ ಹಂಚಿದ ನಾವು ಮಾಡಿದ್ದೇನು?

ಆದರೆ ಪೊಲೀಸರನ್ನು ಕರೆಯಲೇಬೇಕಾದ ಸಂದರ್ಭಗಳೂ ಇವೆ. ಮನುಷ್ಯರತ್ತ ನಳಿಗೆ ತಿರುಗಿದರೆ, ಹೇಳಿದ ಮೇಲೂ ಕೆಳಗಿಡದಿದ್ದರೆ, ಕೈಯಲ್ಲಿರುವುದು ಏರ್‌ಗನ್ನೋ ನಿಜವಾದ ಬಂದೂಕೋ ತಿಳಿಯದಿದ್ದರೆ ಹತ್ತಿರವೂ ಹೋಗದೆ 112ಕ್ಕೆ ಕರೆ ಮಾಡಬೇಕು. ಹಕ್ಕಿಗಳಿಗೆ ಹೊಡೆದರೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅರುಣಾಚಲ ಪ್ರದೇಶದಲ್ಲಿ ಹಕ್ಕಿ ಬೇಟೆಯನ್ನು ತಡೆಯಲೆಂದೇ 2021ರ ಮಾರ್ಚ್‌ನಲ್ಲಿ ಲುಮ್ಡುಂಗ್ ಎಂಬ ಹಳ್ಳಿಯಿಂದ ಏರ್‌ಗನ್ ಒಪ್ಪಿಸುವ ಅಭಿಯಾನ ಆರಂಭವಾಯಿತು. ಜನ ತಾವಾಗಿಯೇ ಮುಂದೆ ಬಂದು ತಮ್ಮ ಏರ್‌ಗನ್ನುಗಳನ್ನು ಒಪ್ಪಿಸಿದರು. ಕೇಸು ಹಾಕುವ ಮೊದಲು ಕೇಳಿಕೊಳ್ಳುವ ದಾರಿಯೊಂದು ಇದೆಯೆಂಬ ನಂಬಿಕೆ ನನಗೆ ಬಂದದ್ದು ಅದರಿಂದ.

ನಮ್ಮ ಹುಡುಗರ ವಿಷಯದಲ್ಲಿ ನಾನು ಹಿಡಿದದ್ದು ಅದೇ ದಾರಿ. ಆ ರಾತ್ರಿಯೇ ಏರ್‌ಗನ್ ಇದ್ದ ಹುಡುಗನ ಮನೆಗೆ ಹೋದೆ. ಹುಟ್ಟುಹಬ್ಬಕ್ಕೆ ಅದನ್ನು ಕೊಡಿಸಿದ್ದು ಅಪ್ಪನೇ. ‘ಹುಡುಗ ಮೊಬೈಲ್ ಬಿಟ್ಟು ಹೊರಗೆ ಆಡಲಿ ಅಂತ ಕೊಡಿಸಿದೆ ಸಾರ್’ ಎಂದರು. ಆ ಮಾತಿನಲ್ಲಿ ನಾಟಕವಿರಲಿಲ್ಲ. ನಾನು ಕೇಳಿದ್ದು ಮೂರೇ: ಅದು ಬೀಗ ಹಾಕಿದ ಕಪಾಟಿನಲ್ಲಿರಬೇಕು, ಗುಂಡುಗಳ ಡಬ್ಬಿ ನಿಮ್ಮ ಕೈಯಲ್ಲಿಯೇ ಇರಬೇಕು, ಹುಡುಗನಿಗೆ ನಿಜವಾಗಿಯೂ ಗುರಿಯ ಹುಚ್ಚಿದ್ದರೆ ಕೋಚ್ ಇರುವ ಶೂಟಿಂಗ್ ರೇಂಜಿಗೆ ಸೇರಿಸಿ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದದ್ದು ಇದೇ 4.5 ಮಿಲಿಮೀಟರ್ ಗುಂಡಿನಿಂದ, 10 ಮೀಟರ್ ದೂರದ ಗುರಿಗೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಬಂದೂಕಿಗೆ ಹೂವಿಟ್ಟು ಪೂಜಿಸಿ, ಆಮೇಲೆ ಹಿರಿಯರ ಎದುರಿನಲ್ಲಿ ತೆಂಗಿನಕಾಯಿಗೆ ಗುರಿಯಿಡುವುದನ್ನು ಕಂಡವರಿಗೆ ನಾನು ಹೇಳುವ ಶಿಸ್ತು ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮರುದಿನ ಸಂಜೆ ಹುಡುಗರು ಸೈಟಿಗೆ ಬಂದು ಒಡೆದ ಗಾಜನ್ನೆಲ್ಲ ಆಯ್ದು ಚೀಲಕ್ಕೆ ತುಂಬಿದರು. ಅಜ್ಜಿ ಎಂದಿನಂತೆ ಗೋಡೆಯ ಪಕ್ಕದಲ್ಲಿ ದಂಟಿನ ಸೊಪ್ಪಿಗೆ ನೀರು ಚಿಮುಕಿಸುತ್ತ ಕೂತಿದ್ದರು. ವಿಡಿಯೋ ಮಾತ್ರ ಇನ್ನೂ ಗುಂಪಿನಲ್ಲಿಯೇ ಇದೆ. ಅದನ್ನು ಅಳಿಸಿ ಎಂದು ಅಡ್ಮಿನ್ ಅವರಿಗೆ ಇವತ್ತು ಬೆಳಿಗ್ಗೆ ಮತ್ತೊಮ್ಮೆ ಬರೆದಿದ್ದೇನೆ.