ಸೋಪನ್ನು ನೀರಲ್ಲಿ ಮುಳುಗಿಸಬೇಡಿ ಮಾರಾಯ್ರೆ

ನಿನ್ನೆ ಶಿವಮೊಗ್ಗಕ್ಕೆ ಅತ್ತಿಗೆ ಮನೆಗೆ ಹೋಗಿದ್ದೆ. ಕೈಕಾಲು ತೊಳೆಯಲು ಬಚ್ಚಲಿಗೆ ಹೋದವಳು ಅಲ್ಲೇ ನಿಂತುಬಿಟ್ಟೆ. ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ. ತೆಗೆದರೆ ಒಳಗೆ ಅರ್ಧ ಬೆರಳು ನೀರು, ಆ ನೀರಲ್ಲಿ ನಾನು ಮನೆಯಲ್ಲೇ ಮಾಡಿ ಕೊಟ್ಟಿದ್ದ ಸೋಪು. ಎತ್ತಲು ಹೋದರೆ ಹೆಬ್ಬೆರಳು ಒಳಗೇ ಹೂತುಹೋಯಿತು. ಮೇಲೆ ನಾನು ಒತ್ತಿದ್ದ ಹೂವಿನ ಅಚ್ಚು ಹಾಗೇ ಇದೆ. ಅಡಿಭಾಗ ಪೂರ್ತಿ ಜೋನಿ ಬೆಲ್ಲ.

ಊಟಕ್ಕೆ ಕೂತಾಗ ಅತ್ತಿಗೆ ಹೇಳಿದರು, "ನಿನ್ ಸೋಪು ಪರಿಮಳ ಎಲ್ಲ ಚೆನ್ನಾಗಿದೆ ಮಾರಾಯ್ತಿ, ಆದ್ರೆ ಹತ್ತು ದಿನಾನೂ ಬರಲ್ಲ ನೋಡು."

ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಅದೇ ಸೋಪು ನಮ್ಮ ಮನೆಯಲ್ಲಿ ಇಬ್ಬರಿಗೆ ಮೂರು ವಾರ ಧಾರಾಳವಾಗಿ ಬರುತ್ತದೆ. ಅವರ ಮನೆಯಲ್ಲೂ ಇಬ್ಬರೇ. ಹಾಗಾದರೆ ಉಳಿದ ಸೋಪು ಎಲ್ಲಿ ಹೋಯಿತು? ಮೈಗಂತೂ ಹೋಗಿಲ್ಲ. ಡಬ್ಬಿಯ ನೀರಿಗೆ ಹೋಯಿತು.

ನಾನು ಫೆಬ್ರವರಿಯಲ್ಲೇ ಸೋಪು ಮಾಡಿ ಮುಗಿಸುತ್ತೇನೆ ಅಂತ ನಿಮಗೆಲ್ಲ ಗೊತ್ತು. ತೆಂಗಿನೆಣ್ಣೆ, ಹರಳೆಣ್ಣೆ, ಗಟ್ಟಿ ಬರಲಿ ಅಂತ ಸ್ವಲ್ಪ ಮುರುಗಲ (ಕೋಕಂ) ಬೀಜದ ತುಪ್ಪ. ಕತ್ತರಿಸಿದ ಮೇಲೆ ಕನಿಷ್ಠ ಆರು ವಾರ ನೆರಳಲ್ಲಿ, ಗಾಳಿಯಲ್ಲಿ ಒಣಗಬೇಕು. ಕತ್ತರಿಸಿದಾಗ 120 ಗ್ರಾಂ ಇದ್ದದ್ದು ಒಣಗಿದ ಮೇಲೆ 105ರ ಹತ್ತಿರ ಬರುತ್ತದೆ. ಕಡಿಮೆಯಾದದ್ದು ನೀರು. ಆ ಹದಿನೈದು ಗ್ರಾಂ ನೀರು ಹೋಗಲಿ ಅಂತ ನಾನು ಒಂದೂವರೆ ತಿಂಗಳು ಕಾಯುತ್ತೇನೆ, ದಿನಾ ಮಗ್ಗುಲು ಬದಲಿಸುತ್ತೇನೆ. ನೀವು ಒಂದೇ ಬೆಳಿಗ್ಗೆ ವಾಪಸ್ ಕುಡಿಸುತ್ತೀರಿ. ಸಿಟ್ಟು ಬರದೇ ಇರುತ್ತದಾ?

"ಅಂಗಡಿ ಸೋಪು ಹೀಗೆ ಆಗಲ್ಲ" ಅನ್ನುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿ ಸೋಪಾಗುವಾಗ ಗ್ಲಿಸರಿನ್ ತಾನಾಗಿಯೇ ಹುಟ್ಟುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಅದನ್ನು ಬೇರೆ ತೆಗೆದುಕೊಳ್ಳುತ್ತಾರೆ. ಕೈಯಲ್ಲಿ ಮಾಡಿದ್ದರಲ್ಲಿ ಅದು ಸೋಪಿನೊಳಗೇ ಉಳಿಯುತ್ತದೆ. ಸ್ನಾನ ಆದ ಮೇಲೆ ಮೈ ಬಿಳಿಚಿಕೊಂಡು ಬಿರಿಯದ ಹಾಗೆ ನೋಡಿಕೊಳ್ಳುವುದು ಅದೇ. ಗಾಳಿಯ ತೇವವನ್ನು ಎಳೆದುಕೊಳ್ಳುವುದೂ ಅದೇ. ಸೋನೆ ಮಳೆ ಹಿಡಿದ ದಿನ ಮುಟ್ಟದೇ ಇಟ್ಟ ಸೋಪಿನ ಮೈಮೇಲೂ ಬೆವರಿನ ಹನಿ ಕಾಣಿಸುತ್ತದೆ. ಇನ್ನು ನೀರಲ್ಲೇ ಕೂರಿಸಿದರೆ? ಅಂಗಡಿ ಸೋಪನ್ನೂ ಒಂದು ವಾರ ನೀರಲ್ಲಿಟ್ಟು ನೋಡಿ, ಆಮೇಲೆ ಮಾತಾಡೋಣ.

ನನಗೆ ಜಾಸ್ತಿ ಬೇಜಾರಾಗುವುದು ಬೇರೆಯದಕ್ಕೆ. ನಾವು ಮಲೆನಾಡಿನವರು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಇಂಥ ಸೀಮೆಯಲ್ಲಿ ಇದ್ದುಕೊಂಡು ವಸ್ತುಗಳನ್ನು ಒಣದಾಗಿ ಇಡುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಮೋಡ ಕಂಡರೆ ಅರ್ಧ ಊಟಕ್ಕೆ ಎದ್ದು ಅಡಿಕೆ ಮುಚ್ಚಲು ಓಡುತ್ತೇವೆ. ಹಪ್ಪಳವನ್ನು ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚುತ್ತೇವೆ. ನೀರೊಡೆಯಬಾರದು ಅಂತ ಉಪ್ಪಿನ ಭರಣಿಯನ್ನು ಒಲೆ ಪಕ್ಕ ಇಡುತ್ತೇವೆ. ಉಪ್ಪಿನ ಬಗ್ಗೆ ಇಷ್ಟು ಗೊತ್ತಿರುವ ಅತ್ತಿಗೆಗೆ ಸೋಪಿನ ಬಗ್ಗೆ ಯಾಕೆ ಗೊತ್ತಾಗಲಿಲ್ಲ?

ಇಲ್ಲಿ ಒಂದು ಮಾತು ಹೇಳಲೇಬೇಕು. ಮೊದಲ ವರ್ಷ ತಪ್ಪು ನನ್ನದೇ ಇತ್ತು. ಜೂನ್‌ನಲ್ಲಿ ಸೋಪು ಮಾಡಿದೆ. ಮಳೆಗಾಲದಲ್ಲಿ ಒಣಗಲೇ ಇಲ್ಲ. ಆತುರಪಟ್ಟು ಹದಿನೈದು ದಿನಕ್ಕೇ ಕೊಟ್ಟೆ. ಉಳಿದದ್ದನ್ನು ಹಂಡೆ ಒಲೆ ಮೇಲಿನ ಅಟ್ಟದಲ್ಲಿಟ್ಟರೆ ಎಲ್ಲಕ್ಕೂ ಹೊಗೆ ವಾಸನೆ ಹಿಡಿಯಿತು. ಆಗ ಅಪ್ಪಯ್ಯ ಏನೂ ಅನ್ನಲಿಲ್ಲ. ಒಂದು ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಸೀಳು, ತಂದು, ಕತ್ತಿಯಲ್ಲಿ ಸೀಳಿ, ನಾಲ್ಕು ಪಟ್ಟಿ ಮಾಡಿದರು. ಮೇಲಿನ ಏಣು ಉಜ್ಜಿ, ಪಟ್ಟಿ ಪಟ್ಟಿಯ ನಡುವೆ ಕಿರುಬೆರಳು ತೂರುವಷ್ಟು ಸಂದು ಬಿಟ್ಟು, ಅಡಿಗೆ ಎರಡು ಅಡ್ಡಪಟ್ಟಿ ಕೊಟ್ಟು ದಾರದಲ್ಲಿ ಬಿಗಿದರು. "ನೀರು ಕೆಳಗೆ ಬೀಳ್ಬೇಕು, ಗಾಳಿ ಕೆಳಗಿಂದ ಬರ್ಬೇಕು, ಅಷ್ಟೇ ಅಲ್ವಾ?" ಅಂದರು. ಅಡಿಕೆ ಒಣಗಿಸುವ ತಟ್ಟಿಯ ಲೆಕ್ಕವೇ ಅದು. ಅಪ್ಪಯ್ಯ ಹೋಗಿ ಆರು ವರ್ಷ ಆಯಿತು. ಆ ದಬ್ಬೆ ಪಟ್ಟಿ ಇನ್ನೂ ನಮ್ಮ ಬಚ್ಚಲ ಕಿಟಕಿಯಲ್ಲಿದೆ.

ಕಷ್ಟದ ಕೆಲಸ ಯಾವುದೂ ಇಲ್ಲ. ಮುಚ್ಚಳದ ಡಬ್ಬಿ ಪ್ರಯಾಣಕ್ಕೆ ಮಾತ್ರ. ಶವರ್ ಕೆಳಗೆ, ಬಕೆಟ್ ಪಕ್ಕ, ಹಂಡೆಯ ಬಿಸಿ ಆವಿ ತಾಗುವ ಕಡೆ ಸೋಪು ಇಡಬೇಡಿ. ತಂದ ದಿನವೇ ಚಾಕುವಿನಲ್ಲಿ ಎರಡು ತುಂಡು ಮಾಡಿ. ಒಂದನ್ನು ಕಾಗದದಲ್ಲಿ ಸುತ್ತಿ ಬೀರುವಿನಲ್ಲಿಡಿ, ಸೀರೆಗೂ ಪರಿಮಳ ಬರುತ್ತದೆ. ಸುರಿಯುವ ನೀರಿಗೆ ಸೋಪು ಹಿಡಿಯಬೇಡಿ, ಒದ್ದೆ ಹೀರೆ ನಾರಿಗೆ ನಾಲ್ಕು ಸಲ ಉಜ್ಜಿದರೆ ಮೈಗೆಲ್ಲ ಸಾಕು. ಸ್ನಾನ ಮುಗಿದ ಮೇಲೆ ಒಮ್ಮೆ ನೀರು ಕೊಡವಿ, ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ. ಮನೆಯಲ್ಲಿ ಜಾಸ್ತಿ ಜನ ಇದ್ದರೆ ಎರಡು ಸೋಪು ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿ, ಒಂದಕ್ಕೆ ಆರಲು ಸಮಯ ಸಿಗುತ್ತದೆ.

"ಒಂದು ಸೋಪಿಗೆ ಇಷ್ಟೆಲ್ಲಾ ಯಾಕೆ" ಅಂತ ಭಾವ ನಕ್ಕರು. ನನಗೆ ನಗು ಬರಲಿಲ್ಲ. ಒಣಗಿಸಿದ ಅಡಿಕೆಯನ್ನು ಯಾರಾದರೂ ನೀರಿನ ತೊಟ್ಟಿಗೆ ಸುರಿದಿದ್ದರೆ ಅವರು ನಗುತ್ತಿದ್ದರಾ?

ಹೊರಡುವಾಗ ಅತ್ತಿಗೆಗೆ ಇನ್ನೊಂದು ಸೋಪು ಕೊಟ್ಟೆ. ನನ್ನೆದುರೇ ಎರಡು ತುಂಡು ಮಾಡಿಸಿದೆ. ಡಬ್ಬಿಯ ಮುಚ್ಚಳ ತೆಗೆದು, ತಳಕ್ಕೆ ಕಾದ ಮೊಳೆಯಲ್ಲಿ ಆರು ತೂತು ಹೊಡೆದು ಕಿಟಕಿಯಲ್ಲಿಟ್ಟು ಬಂದೆ. ಸದ್ಯಕ್ಕೆ ಅಷ್ಟು ಸಾಕು. ತೋಟದಲ್ಲಿ ಒಂದು ಒಣಗಿದ ಅಡಿಕೆ ಮರ ಇದೆ. ಭಾನುವಾರ ಅದನ್ನು ಸೀಳಿಸುತ್ತೇನೆ. ಅಪ್ಪಯ್ಯ ಮಾಡಿದ್ದನ್ನು ಎದುರಿಗಿಟ್ಟುಕೊಂಡು ಅದೇ ಅಳತೆಯಲ್ಲಿ ಪಟ್ಟಿ ಕಟ್ಟುತ್ತೇನೆ. ಮೊದಲನೆಯದು ಅತ್ತಿಗೆಗೆ. ಉಳಿದದ್ದು ಯಾರಿಗೆ ಬೇಕೋ ಹೇಳಿ, ಈ ಸಲದ ಸೋಪಿನ ಜೊತೆ ಕಳಿಸುತ್ತೇನೆ.