ಮೈಲೇಜ್ ಹೇಳುವವರು ಸರಾಸರಿ ವೇಗವನ್ನೂ ಹೇಳಬೇಕು

ಹೆಚ್ಚು ಗಾಳಿಯನ್ನು ಒಳಗೆ ಒತ್ತಿ ತುಂಬುವ ಟರ್ಬೊ ಇರುವ ಎರಡು ಲೀಟರ್ ಪೆಟ್ರೋಲ್ ಎಂಜಿನ್, ಆರು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸ್, ಅಗಲವಾದ ಟೈರುಗಳು, ಬಿಗಿಯಾದ ಸಸ್ಪೆನ್ಷನ್ ಇರುವ ಸ್ಪೋರ್ಟಿ ಹ್ಯಾಚ್‌ಬ್ಯಾಕ್ ಒಂದನ್ನು ನಾನು ಕೆಲವು ವರ್ಷಗಳಿಂದ ಓಡಿಸುತ್ತಿದ್ದೇನೆ. ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಎಷ್ಟು ಕೊಡುತ್ತೆ?" ಊರೊಳಗಿನ ದಟ್ಟಣೆಯಲ್ಲಿ ಲೀಟರಿಗೆ 9 ಕಿಲೋಮೀಟರ್, ಖಾಲಿ ಹೆದ್ದಾರಿಯಲ್ಲಿ ಗಂಟೆಗೆ 100ರ ವೇಗ ಕಾಯ್ದುಕೊಂಡರೆ 17 ಎನ್ನುತ್ತೇನೆ. "ಹಾಗಾದರೆ ಸರಾಸರಿ 13 ಅನ್ನಿ" ಎಂದು ಅವರು ಲೆಕ್ಕ ಮುಗಿಸುತ್ತಾರೆ. ಆ 13 ಗಣಿತದ ಪ್ರಕಾರವೇ ಸರಿಯಲ್ಲ. ಊರೊಳಗೆ 100 ಕಿಲೋಮೀಟರ್ ಓಡಿದರೆ 11.1 ಲೀಟರ್, ಹೆದ್ದಾರಿಯಲ್ಲಿ 100 ಓಡಿದರೆ 5.9 ಲೀಟರ್, ಒಟ್ಟು 17 ಲೀಟರಿಗೆ 200 ಕಿಲೋಮೀಟರ್, ಅಂದರೆ ಲೀಟರಿಗೆ 11.8. ಕಿಲೋಮೀಟರ್‌ಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಊರೊಳಗಿನ ಖರ್ಚು ಕಡಿಮೆಯಾಗಿ ಕಾಣುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಕೇಳಿದವರ ಓಡಾಟವೂ ನನ್ನ ಓಡಾಟದಂತೆಯೇ ಇರಬೇಕಾದ ಕಾರಣವೇ ಇಲ್ಲ.

ಈ ಜಾತಿಯ ಕಾರುಗಳ ಬಗ್ಗೆ ಎರಡು ಬಗೆಯ ಮಾತುಗಳನ್ನು ನಾನು ಸದಾ ಕೇಳುತ್ತೇನೆ. ಇಷ್ಟು ಶಕ್ತಿಯಿದ್ದ ಮೇಲೆ ಪೆಟ್ರೋಲ್ ಕುಡಿದೇ ಕುಡಿಯುತ್ತದೆ ಎನ್ನುವವರು ಕೆಲವರು. ಕಂಪನಿ ಹೇಳಿದ್ದೆಲ್ಲ ಸುಳ್ಳು ಎನ್ನುವವರು ಇನ್ನು ಕೆಲವರು. ಎರಡನ್ನೂ ನಾನು ಒಪ್ಪುವುದಿಲ್ಲ. ಮೈಲೇಜ್ ಎನ್ನುವುದು ಕಾರಿಗೆ ಅಂಟಿಕೊಂಡ ಒಂದು ಸಂಖ್ಯೆಯಲ್ಲ, ಕಾರು ಮತ್ತು ಅದು ಓಡಿದ ರೀತಿ ಎರಡೂ ಸೇರಿ ಹುಟ್ಟುವ ಸಂಖ್ಯೆ. ಸ್ಪೋರ್ಟಿ ಹ್ಯಾಚ್‌ಬ್ಯಾಕ್‌ನಲ್ಲಿ ಈ ಎರಡನೆಯ ಭಾಗದ ಪಾಲು ಸಾಮಾನ್ಯ ಕಾರಿಗಿಂತ ಬಹಳ ಹೆಚ್ಚು.

ಮೊದಲು ಶಕ್ತಿಯ ವಿಷಯ. ಚಾಲಕನೂ ಸೇರಿ ಸುಮಾರು 1400 ಕಿಲೋಗ್ರಾಂ ತೂಗುವ ಹ್ಯಾಚ್‌ಬ್ಯಾಕ್ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸಾಗುವಾಗ ಗಾಳಿಯ ತಡೆಯೂ ಟೈರುಗಳ ಉರುಳುವಿಕೆಯ ತಡೆಯೂ ಸೇರಿ 450ರಿಂದ 500 ನ್ಯೂಟನ್‌ನಷ್ಟು ಬಲ ಅದನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ಅದನ್ನು ಮೀರಿ ಅದೇ ವೇಗ ಉಳಿಸಿಕೊಳ್ಳಲು ಚಕ್ರಗಳ ಬಳಿ ಬೇಕಾಗುವುದು ಸುಮಾರು 18 ಕುದುರೆಶಕ್ತಿ ಮಾತ್ರ. ಬಾನೆಟ್ ಕೆಳಗೆ 245 ಇದ್ದರೂ ಅಷ್ಟೇ, 90 ಇದ್ದರೂ ಅಷ್ಟೇ. ಬಳಸದೆ ಉಳಿದ ಕುದುರೆಶಕ್ತಿ ಪೆಟ್ರೋಲ್ ಕೇಳುವುದಿಲ್ಲ. ದೊಡ್ಡ ಎಂಜಿನ್ನಿನ ಒಳಗಿನ ಘರ್ಷಣೆಗೆ, ಅರೆಮುಚ್ಚಿದ ಥ್ರಾಟಲ್‌ನ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟದ) ಮೂಲಕ ಗಾಳಿ ಎಳೆದುಕೊಳ್ಳುವ ಶ್ರಮಕ್ಕೆ ಒಂದಿಷ್ಟು ಇಂಧನ ಹೆಚ್ಚುವರಿಯಾಗಿ ಹೋಗುತ್ತದೆ ಎನ್ನುವುದು ನಿಜ. ಆದರೆ ಇಂದಿನ ಟರ್ಬೊ ಎಂಜಿನ್‌ಗಳಲ್ಲಿ ಆ ವ್ಯತ್ಯಾಸ ಜನ ಊಹಿಸುವಷ್ಟು ದೊಡ್ಡದಲ್ಲ. 100ರಲ್ಲಿ 17 ಎಂದು ನಾನು ಹೇಳಿದಾಗ ನಂಬದೆ ನೋಡುವವರಿಗೆ ಈ 18 ಕುದುರೆಶಕ್ತಿಯ ಲೆಕ್ಕವನ್ನೇ ವಿವರಿಸುತ್ತೇನೆ.

ಅದೇ ಹೆದ್ದಾರಿಯಲ್ಲಿ ವೇಗವನ್ನು 130ಕ್ಕೆ ಏರಿಸಿದರೆ ಚಿತ್ರ ಬೇರೆಯಾಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ವೇಗ ಶೇಕಡಾ 30ರಷ್ಟು ಹೆಚ್ಚಿದಾಗ ಆ ತಡೆ ಶೇಕಡಾ 69ರಷ್ಟು ಹೆಚ್ಚುತ್ತದೆ. ನನ್ನ ಕಾರು ಆಗ ಲೀಟರಿಗೆ 13ಕ್ಕೆ ಇಳಿಯುತ್ತದೆ. ಇದರಲ್ಲಿ ಸ್ಪೋರ್ಟಿ ಎಂಬ ಹಣೆಪಟ್ಟಿಯ ತಪ್ಪೇನೂ ಇಲ್ಲ. ಇದೇ ಆಕಾರದ ಯಾವ ಕಾರಿಗಾದರೂ ಆಗುವುದು ಇದೇ.

ಪೆಟ್ರೋಲ್ ನಿಜವಾಗಿ ಸೋರುವುದು ಊರೊಳಗೆ, ಅದೂ ಬ್ರೇಕ್ ಪೆಡಲ್‌ನ ಮೂಲಕ. 1400 ಕಿಲೋಗ್ರಾಂ ತೂಕ ಗಂಟೆಗೆ 60 ಕಿಲೋಮೀಟರ್ ವೇಗ ಪಡೆದಾಗ ಅದರಲ್ಲಿ ಸುಮಾರು 194 ಕಿಲೋಜೂಲ್ ಚಲನಶಕ್ತಿ ತುಂಬಿಕೊಂಡಿರುತ್ತದೆ. ಎಂಜಿನ್ ತಾನು ಸುಟ್ಟ ಇಂಧನದ ಕಾಲುಭಾಗವನ್ನು ಮಾತ್ರ ಚಲನೆಯಾಗಿ ಬದಲಿಸುತ್ತದೆ ಎಂದುಕೊಂಡರೆ, ಒಂದು ಸಲ 60 ಮುಟ್ಟಲು ಹತ್ತಿರಹತ್ತಿರ 25 ಮಿಲಿಲೀಟರ್ ಪೆಟ್ರೋಲ್ ಬೇಕು. ಮುಂದಿನ ಸಿಗ್ನಲ್‌ನಲ್ಲಿ ಕೆಂಪು ದೀಪ ಕಂಡು ಬ್ರೇಕ್ ಒತ್ತಿದರೆ ಆ 25 ಮಿಲಿಲೀಟರಿನ ಫಲವೆಲ್ಲ ಬ್ರೇಕ್ ಡಿಸ್ಕ್‌ಗಳಲ್ಲಿ ಬಿಸಿಯಾಗಿ ಗಾಳಿಗೆ ಹೋಯಿತು. ಇಂಥ 40 ನಿಲುಗಡೆಗಳಾದರೆ ಒಂದು ಲೀಟರ್ ಖರ್ಚು. ಇದರ ಮೇಲೆ, ನಿಂತಲ್ಲೇ ಉರಿಯುವ ಎರಡು ಲೀಟರ್ ಎಂಜಿನ್ ಗಂಟೆಗೆ ಸುಮಾರು ಒಂದು ಲೀಟರಿನ ಆಸುಪಾಸು ಸುಡುತ್ತದೆ. ಬೆಳಗಿನ ತಣ್ಣನೆಯ ಎಂಜಿನ್, ದಪ್ಪಗಿರುವ ಎಣ್ಣೆ, ಮೂರ್ನಾಲ್ಕು ಕಿಲೋಮೀಟರ್‌ನ ಸಣ್ಣ ಓಡಾಟ ಇವೆಲ್ಲ ಸೇರಿದರೆ ಎಂಜಿನ್ ಹದವಾಗಿ ಬಿಸಿಯಾಗುವ ಮೊದಲೇ ಪ್ರಯಾಣ ಮುಗಿದಿರುತ್ತದೆ. ಅಂಥ ಓಡಾಟದಲ್ಲಿ ನನ್ನ ಕಾರಿನ ಪರದೆ ಲೀಟರಿಗೆ 6 ತೋರಿಸಿದ್ದೂ ಉಂಟು.

ಇಲ್ಲಿ ತೂಕದ ಬಗ್ಗೆ ಒಂದು ಮಾತು ಹೇಳಲೇಬೇಕು. 1976ರಲ್ಲಿ ಬಂದ ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ 1.6 ಲೀಟರ್ ಎಂಜಿನ್‌ನಿಂದ 110 ಕುದುರೆಶಕ್ತಿ ಪಡೆಯುತ್ತಿತ್ತು, ತೂಗುತ್ತಿದ್ದುದು ಸುಮಾರು 810 ಕಿಲೋಗ್ರಾಂ. ಇಂದು ಅದೇ ಹೆಸರಿನ ಕಾರು 1400 ಕಿಲೋಗ್ರಾಂ ದಾಟಿದೆ. ಸುರಕ್ಷತೆ ಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಆದರೂ ಪ್ರತಿ ಸಿಗ್ನಲ್‌ನಿಂದ ಹೊರಡುವಾಗ ಎಳೆಯಬೇಕಾದ ಭಾರ ಅಷ್ಟು ಬೆಳೆದಿರುವಾಗ, ಎಂಜಿನ್ ತಂತ್ರಜ್ಞಾನ ಗಳಿಸಿಕೊಟ್ಟದ್ದರಲ್ಲಿ ಬಹುಪಾಲನ್ನು ತೂಕವೇ ತಿಂದುಹಾಕಿದೆ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಸುಮಾರು ಒಂದು ಟನ್ ತೂಕದ, 1.4 ಲೀಟರ್ ಟರ್ಬೊ ಇರುವ ಸುಜುಕಿ ಸ್ವಿಫ್ಟ್ ಸ್ಪೋರ್ಟ್‌ನಂಥ ಕಾರುಗಳನ್ನು ನಾನು ಇದೇ ಕಾರಣಕ್ಕೆ ಮೆಚ್ಚುತ್ತೇನೆ. ಅಲ್ಲಿ ಮಜವೂ ಇಂಧನದ ಮಿತವ್ಯಯವೂ ಬರುವುದು ಹಗುರವಾದ ಮೈಯಿಂದಲೇ.

ಹಾಗಾದರೆ ಶಕ್ತಿಗೆ ಯಾವ ಪಾತ್ರವೂ ಇಲ್ಲವೇ ಎಂದರೆ, ಇದೆ, ಬಳಸಿದಾಗ ಮಾತ್ರ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಟರ್ಬೊದ ಒತ್ತಡವನ್ನು ಮೇಲಕ್ಕೇರಿಸಿ ಹಾಗೆಯೇ ಹಿಡಿದಿಟ್ಟರೆ ಹೊಗೆಯ ಉಷ್ಣತೆ ಟರ್ಬೊವನ್ನು ತಿರುಗಿಸುವ ಟರ್ಬೈನಿಗೂ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೂ ಅಪಾಯವಾಗುವ ಮಟ್ಟಕ್ಕೆ ಏರುತ್ತದೆ. ಆಗ ಅನೇಕ ಎಂಜಿನ್‌ಗಳು ಉರಿಯಲು ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲನ್ನು ಸಿಂಪಡಿಸಿ, ಅದು ಆವಿಯಾಗುವಾಗ ಹೀರಿಕೊಳ್ಳುವ ಶಾಖದಿಂದ ಒಳಗನ್ನು ತಂಪಾಗಿಸುತ್ತವೆ. ಆ ಹೆಚ್ಚುವರಿ ಪೆಟ್ರೋಲ್ ಕಾರನ್ನು ಒಂದಿಷ್ಟೂ ಮುಂದೆ ತಳ್ಳುವುದಿಲ್ಲ. ಘಾಟಿ ರಸ್ತೆಯಲ್ಲಿ ಉತ್ಸಾಹದಿಂದ ಓಡಿಸಿದ ದಿನ ಮೈಲೇಜ್ 7ಕ್ಕೆ ಇಳಿದರೆ ಅದರಲ್ಲಿ ಇದರ ಪಾಲೂ ಇರುತ್ತದೆ. ಸಾಮಾನ್ಯ ಕಾರಿನಲ್ಲಿ ಅತಿ ಒಳ್ಳೆಯ ಮತ್ತು ಅತಿ ಕೆಟ್ಟ ಮೈಲೇಜ್‌ಗಳ ನಡುವೆ ಇಷ್ಟು ಅಂತರ ಬರುವುದು ಅಪರೂಪ, ಏಕೆಂದರೆ ಅಷ್ಟು ಬೇಗ ಅಷ್ಟು ಇಂಧನ ಸುಡುವ ಸಾಮರ್ಥ್ಯವೇ ಅದಕ್ಕಿರುವುದಿಲ್ಲ.

ಮೆಲ್ಲಗೆ ಓಡಿಸುವುದೆಂದರೆ ಕೆಳಗಿನ ಗೇರಿನಲ್ಲಿ ತೆವಳುವುದು ಎಂದು ತಿಳಿದವರೂ ಇದ್ದಾರೆ. ಟರ್ಬೊ ಎಂಜಿನ್ ಕಡಿಮೆ ಸುತ್ತುಗಳಲ್ಲಿ, ಮಧ್ಯಮಕ್ಕಿಂತ ತುಸು ಹೆಚ್ಚಿನ ಹೊರೆ ಹೊತ್ತಾಗ ಹೆಚ್ಚು ದಕ್ಷವಾಗಿರುತ್ತದೆ. ಆದ್ದರಿಂದ ನಿಮಿಷಕ್ಕೆ 2000 ಸುತ್ತುಗಳ ಆಸುಪಾಸಿನಲ್ಲೇ ಗೇರ್ ಬದಲಿಸುತ್ತ, ಹಿಂಜರಿಯದೆ ವೇಗ ಪಡೆದು, ಬೇಗ ಮೇಲಿನ ಗೇರಿಗೆ ಬಂದು ಸ್ಥಿರವಾಗಿ ಸಾಗುವುದು ಲೇಸು. ಮುಂದೆ ಕೆಂಪು ದೀಪ ಕಂಡ ಕೂಡಲೇ ಗೇರಿನಲ್ಲೇ ಇದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜೆಕ್ಟರ್‌ಗಳು ಪೆಟ್ರೋಲ್ ಪೂರೈಕೆಯನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಿರಲು ಸುಡುತ್ತಲೇ ಇರುತ್ತದೆ. ಸ್ಪೋರ್ಟ್ ಮೋಡ್ ಊರೊಳಗೆ ಬೇಕಾಗಿಲ್ಲ. ಆಟೊಮ್ಯಾಟಿಕ್ ಇದ್ದವರಿಗಂತೂ ಅದು ಕೆಳಗಿನ ಗೇರನ್ನು ಸುಮ್ಮನೆ ಹಿಡಿದಿಟ್ಟುಕೊಳ್ಳುತ್ತದೆ. ಟೈರ್ ಒತ್ತಡ ಇಳಿದಿದ್ದರೆ, ಇನ್ನೂ ಅಗಲದ ಟೈರ್ ಹಾಕಿಸಿದ್ದರೆ, ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿದ್ದರೆ ಮೈಲೇಜ್ ಇನ್ನಷ್ಟು ಇಳಿಯುತ್ತದೆ. ಎಥೆನಾಲ್‌ನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ನೂರಕ್ಕೆ ಹತ್ತು ಪಾಲು ಬೆರೆತರೆ ಶೇಕಡಾ 3ರಷ್ಟು ವ್ಯತ್ಯಾಸ ಸಹಜ.

ಕಂಪನಿಯ ಅಂಕಿಗೂ ನಿಜಕ್ಕೂ ಇರುವ ಅಂತರವನ್ನು ಸುಳ್ಳು ಎನ್ನುವ ಮೊದಲು ಅದು ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಯುರೋಪಿನಲ್ಲಿ ಬಹುಕಾಲ ಚಾಲ್ತಿಯಲ್ಲಿದ್ದ ಎನ್‌ಇಡಿಸಿ ಎಂಬ ಅಧಿಕೃತ ಮೈಲೇಜ್ ಪರೀಕ್ಷೆ ಸುಮಾರು 11 ಕಿಲೋಮೀಟರ್‌ನದು; ಅದರಲ್ಲಿನ ವೇಗವರ್ಧನೆ ಎಷ್ಟು ನಿಧಾನವೆಂದರೆ ಸ್ಪೋರ್ಟಿ ಕಾರಿನ ಟರ್ಬೊಗೆ ಕೆಲಸವೇ ಇರುತ್ತಿರಲಿಲ್ಲ. 2017ರಿಂದ ಅದರ ಜಾಗಕ್ಕೆ ಬಂದ ಡಬ್ಲ್ಯುಎಲ್‌ಟಿಪಿ 30 ನಿಮಿಷಗಳಲ್ಲಿ 23 ಕಿಲೋಮೀಟರ್‌ಗೂ ಹೆಚ್ಚು ಓಡಿಸಿ, 131ರ ವೇಗ ಮುಟ್ಟುತ್ತದೆ. ಇದು ಎಷ್ಟೋ ವಾಸಿ. ಅಷ್ಟಾದರೂ, ಕಾರಿನೊಳಗಿನ ಇಂಧನ ಮಾಪಕಗಳಿಂದ ಸಂಗ್ರಹಿಸಿದ ದತ್ತಾಂಶವನ್ನು ಆಧರಿಸಿ ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ನಿಜ ಬಳಕೆ ಈ ಹೊಸ ಅಂಕಿಗಿಂತ ಸುಮಾರು ಶೇಕಡಾ 20ರಷ್ಟು ಹೆಚ್ಚು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಡಬ್ಲ್ಯುಎಲ್‌ಟಿಪಿಯ ಸರಾಸರಿ ವೇಗ, ನಿಲುಗಡೆಗಳನ್ನೂ ಸೇರಿಸಿ, ಗಂಟೆಗೆ 46.5 ಕಿಲೋಮೀಟರ್. ದಟ್ಟಣೆಯ ಊರಿನಲ್ಲಿ ಸರಾಸರಿ 18ರಲ್ಲಿ ಸಾಗುವವರು ತಮ್ಮ ಮೈಲೇಜನ್ನು ಆ ಅಂಕಿಯ ಪಕ್ಕದಲ್ಲಿಟ್ಟು ಕಂಪನಿಯನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಆದ್ದರಿಂದಲೇ ನನ್ನ ಒತ್ತಾಯ ಸರಾಸರಿ ವೇಗದ ಮೇಲೆ. ಎಷ್ಟು ಸಲ ನಿಂತಿರಿ, ಎಷ್ಟು ಹೊತ್ತು ಸುಮ್ಮನೆ ಉರಿಸಿದಿರಿ, ಎಷ್ಟು ಸಲ 60 ಮುಟ್ಟಿ ಮತ್ತೆ ಬ್ರೇಕ್ ಒತ್ತಿದಿರಿ ಎಂಬುದರ ಬಹುಪಾಲು ಆ ಒಂದೇ ಸಂಖ್ಯೆಯಲ್ಲಿ ಅಡಗಿರುತ್ತದೆ. ಅದು ಕಾರಿನ ಪರದೆಯಲ್ಲೇ, ಮೈಲೇಜಿನ ಪಕ್ಕದಲ್ಲೇ ಇರುತ್ತದೆ. "ಸರಾಸರಿ 20ರಲ್ಲಿ 9, ಸರಾಸರಿ 85ರಲ್ಲಿ 16" ಎಂದು ಯಾರಾದರೂ ಹೇಳಿದರೆ ಕೇಳುವವರು ತಮ್ಮ ಓಡಾಟವನ್ನು ಎಲ್ಲಿಡಬೇಕೆಂದು ತಾವೇ ತಿಳಿಯಬಲ್ಲರು.

ಪರದೆ ತೋರಿಸುವ ಮೈಲೇಜನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು. ನನ್ನ ಕಾರಿನದು ಶೇಕಡಾ 5ರಷ್ಟು ಹೆಚ್ಚೇ ತೋರಿಸುತ್ತದೆ. ನಾನು ಲೆಕ್ಕ ಇಡುವುದು ಫುಲ್ ಟ್ಯಾಂಕ್ ಪದ್ಧತಿಯಲ್ಲಿ. ಸಾಧ್ಯವಾದಷ್ಟೂ ಅದೇ ಬಂಕ್, ಅದೇ ಪಂಪು, ಕಾರು ನಿಲ್ಲುವ ಜಾಗವೂ ಅದೇ, ಏಕೆಂದರೆ ನೆಲ ಸ್ವಲ್ಪ ವಾಲಿದರೂ ಟ್ಯಾಂಕ್ ಹಿಡಿಸುವ ಅಳತೆ ಬದಲಾಗುತ್ತದೆ. ನಳಿಕೆ ಮೊದಲ ಸಲ ಟಕ್ ಎಂದು ನಿಂತಲ್ಲಿಗೆ ನಿಲ್ಲಿಸಬೇಕು, ಮೊತ್ತವನ್ನು ಸರಿಮಾಡಲು ಇನ್ನೂ ಅರ್ಧ ಲೀಟರ್ ತುರುಕಬಾರದು. ಆಮೇಲೆ ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಮುಂದಿನ ಸಲ ತುಂಬಿಸಿದ ಲೀಟರುಗಳಿಂದ ಓಡಿದ ದೂರವನ್ನು ಭಾಗಿಸಬೇಕು. ಒಂದು ಟ್ಯಾಂಕಿನ ಫಲಿತಾಂಶದಲ್ಲಿ ಏರುಪೇರು ಇದ್ದೇ ಇರುತ್ತದೆ. ನಾಲ್ಕೈದು ಟ್ಯಾಂಕುಗಳ ಒಟ್ಟು ದೂರವನ್ನು ಒಟ್ಟು ಲೀಟರಿನಿಂದ ಭಾಗಿಸಿದಾಗ ಸಿಗುವ ಸಂಖ್ಯೆ ಗಟ್ಟಿಯಾದದ್ದು.

ಇಂಥ ಕಾರು ಕೊಳ್ಳಬೇಕೆಂದಿರುವವರು ಮೊದಲು ಈಗಿರುವ ಕಾರಿನ ಪರದೆಯಲ್ಲಿ ದೀರ್ಘಾವಧಿಯ ಸರಾಸರಿ ವೇಗವನ್ನು ನೋಡಿಕೊಳ್ಳಲಿ. ಅದು 50ನ್ನು ದಾಟಿದ್ದರೆ ಸ್ಪೋರ್ಟಿ ಹ್ಯಾಚ್‌ಬ್ಯಾಕ್ ಸಾಮಾನ್ಯ ಹ್ಯಾಚ್‌ಬ್ಯಾಕ್‌ಗಿಂತ ಅಂಥ ಹೆಚ್ಚೇನೂ ಸುಡುವುದಿಲ್ಲ, ಧೈರ್ಯವಾಗಿ ಕೊಳ್ಳಬಹುದು. ಅದು 20ರ ಕೆಳಗಿದ್ದರೆ ಮೈಲೇಜ್ ಒಂದಂಕಿಯಲ್ಲೇ ಉಳಿಯುತ್ತದೆ ಎಂದು ತಿಳಿದು, ಆ ಖರ್ಚಿಗೆ ಸಿದ್ಧವಾಗಿಯೇ ಕೊಳ್ಳಬೇಕು, ಇಲ್ಲವೇ ಇನ್ನೂ ಹಗುರವಾದ, ಇನ್ನೂ ಚಿಕ್ಕ ಎಂಜಿನ್ ಇರುವ ಕಾರಿನತ್ತ ನೋಡಬೇಕು.